ತೋಟದ ಹಣ ಬೇರೆ, ಕಸುಬಿನ ಹಣ ಬೇರೆ: ಸ್ವಂತ ದುಡಿಮೆಯವರಿಗೆ ಲೆಕ್ಕ ಮತ್ತು ತೆರಿಗೆಯ ದಾರಿ

ಹಾಸನ, ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರು ಕಡೆ ಸ್ವಂತ ಕಸುಬು ಮಾಡುವವರಿಗೆ ಒಂದೇ ಕಸುಬು ಇರುವುದು ಅಪರೂಪ. ಪೇಟೆಯಲ್ಲಿ ವೈರಿಂಗ್ ಕೆಲಸ ಮಾಡುವವರಿಗೆ ಊರಲ್ಲಿ ಎರಡು ಎಕರೆ ರೋಬಸ್ಟಾ ಕಾಫಿ ಇರುತ್ತದೆ. ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗಿಯ ಮನೆಯಲ್ಲಿ ಮೂರು ಕೋಣೆಯ ಹೋಂಸ್ಟೇ ಇರುತ್ತದೆ. ಬಾಡಿಗೆ ಗಾಡಿ ಓಡಿಸುವವರು ಮಳೆಗಾಲ ಮುಗಿದ ಮೇಲೆ ಕಾಳುಮೆಣಸು ಕೊಯ್ಯಿಸುತ್ತಾರೆ. ಇಷ್ಟೂ ಹಣ ಒಂದೇ ಉಳಿತಾಯ ಖಾತೆಗೆ ಬೀಳುತ್ತದೆ. ಅದರ ಜೊತೆಗೇ ಚೀಟಿ ಎತ್ತಿದ ದುಡ್ಡು, ಭಾವಮೈದುನ ತೀರಿಸಿದ ಕೈಸಾಲ, ಅಪ್ಪ ಹಾಕಿದ ಕಾಫಿ ಹಣವೂ ಸೇರಿಕೊಳ್ಳುತ್ತವೆ.

ಮಾರ್ಚ್ ಕಳೆದ ಮೇಲೆ ಪಾಸ್‌ಬುಕ್ ಹಿಡಿದು ಕೂತರೆ ಯಾವುದು ಕಸುಬಿನದು, ಯಾವುದು ತೋಟದ್ದು ಎಂದು ದುಡಿದವರಿಗೇ ಹೇಳಲಾಗುವುದಿಲ್ಲ. ಸಣ್ಣ ಕಸುಬಿನವರ ಲೆಕ್ಕ ನೋಡುವವನಾಗಿ ನನ್ನ ಅನುಭವ ಇಷ್ಟು: ತೆರಿಗೆ ಎಂದರೆ ಹೆದರುವ ಹೆಚ್ಚಿನವರಿಗೆ ಕೊನೆಗೆ ಬೀಳುವ ತೆರಿಗೆ ಸೊನ್ನೆ, ಇಲ್ಲವೇ ಅದರ ಹತ್ತಿರ. ಅವರನ್ನು ಕಾಡುವುದು ಕಲಸಿಹೋದ ಹಣ. ಅದನ್ನು ಬಿಡಿಸಿಟ್ಟರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ. ಈ ಬರಹದಲ್ಲಿರುವ ದರ, ಮಿತಿಗಳೆಲ್ಲ 2025-26ರ ಹಣಕಾಸು ವರ್ಷದವು, ಅಂದರೆ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ದುಡಿಮೆಗೆ ಅನ್ವಯಿಸುವಂಥವು.

ಮೊದಲ ಹೆಜ್ಜೆ: ಖಾತೆ ಬೇರೆ ಮಾಡಿ

ಕಸುಬಿಗೆಂದೇ ಒಂದು ಬ್ಯಾಂಕ್ ಖಾತೆ ತೆರೆಯಿರಿ. ಚಾಲ್ತಿ ಖಾತೆಗೆ ಕಸುಬಿನ ದಾಖಲೆ ಕೇಳುತ್ತಾರೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಅದಕ್ಕೆ ಸಾವಿರಗಟ್ಟಲೆ ಕೇಳುವವರ ಬಳಿ ಹೋಗಬೇಡಿ. ಚಾಲ್ತಿ ಖಾತೆ ಸದ್ಯಕ್ಕೆ ಆಗದಿದ್ದರೆ ಇನ್ನೊಂದು ಉಳಿತಾಯ ಖಾತೆಯಿಂದಲೇ ಶುರು ಮಾಡಿ. ಮುಖ್ಯವಾದದ್ದು ಕ್ಯೂಆರ್ ಕೋಡ್: ಗಿರಾಕಿಗೆ ತೋರಿಸುವ ಕೋಡ್ ಈ ಖಾತೆಯದ್ದೇ ಆಗಿರಬೇಕು. ಮನೆಯವರು, ನೆಂಟರು, ಚೀಟಿಯವರು ಹಣ ಹಾಕುವ ನಂಬರ್ ಬೇರೆ ಇರಬೇಕು.

ತೋಟ ಇದ್ದರೆ ಅದಕ್ಕೆ ಮೂರನೆಯ ಖಾತೆ ಇಡಿ. ಬೆಳೆಸಾಲ ಇರುವ ಸಹಕಾರ ಸಂಘದ ಅಥವಾ ಬ್ಯಾಂಕಿನ ಖಾತೆಯನ್ನೇ ಇದಕ್ಕೆ ಬಳಸಬಹುದು. ಕಾಫಿ, ಮೆಣಸು, ಅಡಿಕೆ ಮಾರಿದ ಹಣ ಅಲ್ಲಿಗೆ ಬರಲಿ, ಆಳಿನ ಕೂಲಿ ಮತ್ತು ಗೊಬ್ಬರದ ಖರ್ಚು ಅಲ್ಲಿಂದಲೇ ಹೋಗಲಿ.

ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಆ ಮಾಹಿತಿಯನ್ನು ಆದಾಯ ತೆರಿಗೆ ಇಲಾಖೆಗೆ ಕಳಿಸುತ್ತದೆ. ಹಣ ಎಲ್ಲಿಂದ ಬಂತು ಎಂದು ಕೇಳಿದಾಗ ತೋಟದ ಖಾತೆ, ವ್ಯಾಪಾರಿಯ ಬಿಲ್ಲು, ಪಹಣಿ ಮೂರೂ ಒಂದಕ್ಕೊಂದು ಹೊಂದಿದರೆ ಉತ್ತರ ಸುಲಭ.

ಎರಡನೆಯದು: ದಿನಕ್ಕೊಂದು ಪುಟ

ದೊಡ್ಡ ಸಾಫ್ಟ್‌ವೇರ್ ಬೇಡ. ನೂರು ರೂಪಾಯಿಯ ರೂಲ್ಡ್ ಪುಸ್ತಕವಾದರೂ ಸರಿ, ಮೊಬೈಲ್‌ನ ಎಕ್ಸೆಲ್ ಆದರೂ ಸರಿ. ಐದು ಕಲಂ ಹಾಕಿ: ತಾರೀಕು, ವಿವರ, ನಗದೋ ಬ್ಯಾಂಕೋ, ಜಮೆ, ಖರ್ಚು. ಸಾಲಗಾಮೆ ರಸ್ತೆಯಲ್ಲಿ ಮನೆಯೊಂದಕ್ಕೆ ವೈರಿಂಗ್ ಮಾಡುತ್ತಿರುವ ಎಲೆಕ್ಟ್ರೀಷಿಯನ್ ಒಬ್ಬರ ಒಂದು ದಿನದ ಪುಟ ಹೀಗಿರಬಹುದು:

ಬೆಳಿಗ್ಗೆ ಕೈಯಲ್ಲಿದ್ದ ನಗದು 3,200.
ಜಮೆ: ಮನೆ ವೈರಿಂಗ್ ಮುಂಗಡ, ಯುಪಿಐ, 15,000.
ಜಮೆ: ಮೋಟರ್ ರಿಪೇರಿ, ನಗದು, 800.
ಖರ್ಚು: ವೈರು, ಸ್ವಿಚ್ ಬೋರ್ಡು, ಯುಪಿಐ, 6,450, ಬಿಲ್ಲು ಇದೆ.
ಖರ್ಚು: ಹುಡುಗನ ಕೂಲಿ, ನಗದು, 700.
ಖರ್ಚು: ಪೆಟ್ರೋಲ್, ನಗದು, 200.
ಮನೆಗೆ ತೆಗೆದಿದ್ದು, ನಗದು, 1,000.
ರಾತ್ರಿ ಕೈಯಲ್ಲಿ ಉಳಿದ ನಗದು 2,100.

ಕೊನೆಯ ಸಾಲು ಬರೆಯುವ ಮುಂಚೆ ಜೇಬಿನ ದುಡ್ಡು ಎಣಿಸಿ. ಪುಸ್ತಕದಲ್ಲಿ 2,100 ಬಂದು ಜೇಬಿನಲ್ಲಿ 1,900 ಇದ್ದರೆ ಆ 200 ಎಲ್ಲಿ ಹೋಯಿತೆಂದು ಅವತ್ತೇ ನೆನಪಾಗುತ್ತದೆ, ಹದಿನೈದು ದಿನ ಬಿಟ್ಟರೆ ಆಗುವುದಿಲ್ಲ. ‘ಮನೆಗೆ ತೆಗೆದಿದ್ದು’ ಎಂಬ ಸಾಲನ್ನು ಗಮನಿಸಿ. ಅದು ಕಸುಬಿನ ಖರ್ಚಲ್ಲ. ಮಕ್ಕಳ ಫೀಸು, ದಿನಸಿ, ಎಲ್‌ಐಸಿ ಕಂತು, ಮನೆಸಾಲದ ಕಂತು ಎಲ್ಲವೂ ಈ ಸಾಲಿನಲ್ಲೇ ಬರಬೇಕು. ಇದನ್ನು ಖರ್ಚಿನ ಜೊತೆ ಸೇರಿಸಿದರೆ ಎಷ್ಟು ಲಾಭ ಬಂತು ಎಂಬುದೇ ಸುಳ್ಳಾಗುತ್ತದೆ. ಅದನ್ನು ನಂಬಿ ದರ ಕೂರಿಸುವವರೂ ನೀವೇ.

ಬಿಲ್ಲುಗಳ ಬಗ್ಗೆ ಒಂದು ಮಾತು. ಅಂಗಡಿಯ ಮಷಿನ್ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಕಾಗದವೂ ಬೂಸ್ಟು ಹಿಡಿಯುತ್ತದೆ. ಬಿಲ್ಲು ಕೈಗೆ ಬಂದ ದಿನವೇ ಫೋಟೋ ತೆಗೆದು ತಿಂಗಳಿಗೊಂದು ಫೋಲ್ಡರ್‌ನಲ್ಲಿ ಹಾಕಿ. ಎಂಟು ವರ್ಷ ಅಳಿಸಬೇಡಿ.

ನಗದಿನ ಮೇಲೆ ಕಾನೂನಿನ ಕೆಲವು ಗೆರೆಗಳಿವೆ. ಒಂದೇ ದಿನ ಒಬ್ಬರಿಗೆ 10,000 ದಾಟಿ ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕದಲ್ಲಿ ಕಳೆಯಲು ಬಿಡುವುದಿಲ್ಲ. ಲಾರಿ ಬಾಡಿಗೆಗೆ ಮಾತ್ರ ಈ ಮಿತಿ 35,000. ಸಾಲವನ್ನಾಗಲಿ ಜಾಗದ ಅಡ್ವಾನ್ಸನ್ನಾಗಲಿ 20,000 ಅಥವಾ ಹೆಚ್ಚು ನಗದಾಗಿ ತೆಗೆದುಕೊಳ್ಳುವ ಹಾಗಿಲ್ಲ. ಒಬ್ಬರಿಂದ ಒಂದು ದಿನದಲ್ಲಿ, ಅಥವಾ ಒಂದು ವ್ಯವಹಾರಕ್ಕೆ, 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಈ ಕೊನೆಯದನ್ನು ಮೀರಿದರೆ ಪಡೆದಷ್ಟೂ ಹಣವನ್ನೇ ದಂಡವಾಗಿ ಕೇಳಲು ಅವಕಾಶವಿದೆ. ಮದುವೆ ಕಾಂಟ್ರಾಕ್ಟಿನಂಥ ಹಣ ಕೈಬದಲು ಮಾಡುವಾಗ ಇದು ನೆನಪಿರಲಿ.

ಖಾತೆಗೆ ಬಂದದ್ದೆಲ್ಲ ಆದಾಯವಲ್ಲ

“ಅಣ್ಣ, ಈ ವರ್ಷ ಖಾತೆಗೆ ಹದಿನೆಂಟು ಲಕ್ಷ ಬಂದಿದೆ, ಎಷ್ಟು ಟ್ಯಾಕ್ಸ್ ಬೀಳುತ್ತೆ?” ಎಂದು ಗಾಬರಿಯಿಂದ ಕೇಳುವವರು ಬಹಳ. ಹದಿನೆಂಟು ಲಕ್ಷ ಎನ್ನುವುದು ವಹಿವಾಟು. ಅದರಲ್ಲಿ ವೈರು, ಪೈಪು, ಕೂಲಿ, ಪೆಟ್ರೋಲ್ ಎಲ್ಲ ಹೋಗಿ ಉಳಿದದ್ದು ಆದಾಯ. ಆದಾಯ ತೆರಿಗೆ ಬೀಳುವುದು ಉಳಿದದ್ದರ ಮೇಲೆ. ಜಿಎಸ್‌ಟಿ ನೋಂದಣಿ ಬೇಕೋ ಬೇಡವೋ ಎಂದು ನೋಡುವುದು ವಹಿವಾಟಿನ ಮೇಲೆ. ಈ ಎರಡನ್ನು ಬೇರೆ ಬೇರೆ ಇಟ್ಟು ಯೋಚಿಸುವುದನ್ನು ರೂಢಿ ಮಾಡಿಕೊಳ್ಳಿ.

2025ರ ಜುಲೈನಲ್ಲಿ ಆದದ್ದು ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಮಾಹಿತಿ ಇಟ್ಟುಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್, ತರಕಾರಿ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಬೇಕರಿ ನಡೆಸುವ ಹಾಸನ ಜಿಲ್ಲೆಯವರು ಎಷ್ಟಿದ್ದಾರೆ ಎಂದು ಬಲ್ಲವರಿಗೆ ಆ ವಾರ ಊರಿನ ಮನೆಗಳಲ್ಲಿ ಹಬ್ಬಿದ ಆತಂಕ ಗೊತ್ತು. ಹಲವರು ‘ಕ್ಯೂಆರ್ ಇಲ್ಲ, ನಗದು ಮಾತ್ರ’ ಎಂದು ಬೋರ್ಡು ಹಾಕಿದರು. ಅದು ಪರಿಹಾರವಲ್ಲ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸಾಮಾನನ್ನಷ್ಟೇ ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಯೇ ಇಲ್ಲ. ನೆಂಟರು ಹಾಕಿದ ಹಣ, ಸಾಲ, ಚೀಟಿ ಹಣ ವಹಿವಾಟಿನಲ್ಲಿ ಸೇರುವುದೂ ಇಲ್ಲ. ಆದರೆ ಅದನ್ನು ತೋರಿಸಿಕೊಡಲು ಖಾತೆ ಬೇರೆ ಇರಬೇಕು, ಪುಸ್ತಕ ಇರಬೇಕು. ಮೇಲೆ ಹೇಳಿದ ಎರಡು ಹೆಜ್ಜೆ ಇದಕ್ಕೇ.

ಅಂದಾಜು ಆದಾಯದ ದಾರಿ

ಸಣ್ಣ ಕಸುಬಿನವರು ಪ್ರತಿ ಖರ್ಚಿನ ಬಿಲ್ಲನ್ನೂ ಇಲಾಖೆಗೆ ತೋರಿಸುವ ಗೋಜಿಲ್ಲದೆ ವಹಿವಾಟಿನ ಇಂತಿಷ್ಟು ಪಾಲನ್ನು ಆದಾಯವೆಂದು ಘೋಷಿಸಲು 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಮೂರು ಕಲಂಗಳಿವೆ. 2026ರ ಏಪ್ರಿಲ್ 1ರಿಂದಾಚಿನ ದುಡಿಮೆಗೆ 2025ರ ಹೊಸ ಕಾಯ್ದೆ ಬರುತ್ತದೆ, ಅದರಲ್ಲಿ ಕಲಂ ಸಂಖ್ಯೆಗಳು ಬೇರೆ. ಅಂದಾಜು ಆದಾಯದ ಪದ್ಧತಿ ಅಲ್ಲೂ ಇದೆ.

ಕಲಂ 44ಎಡಿ ಅಂಗಡಿ, ರಿಪೇರಿ, ಕಾಂಟ್ರಾಕ್ಟು, ಹೋಟೆಲ್ ಇತ್ಯಾದಿ ವ್ಯಾಪಾರಕ್ಕೆ. ವಹಿವಾಟು 2 ಕೋಟಿಯೊಳಗಿರಬೇಕು. ನಗದು 5 ಪ್ರತಿಶತ ಮೀರದಿದ್ದರೆ 3 ಕೋಟಿ. ಬ್ಯಾಂಕ್, ಯುಪಿಐ ಮೂಲಕ ಬಂದ ಹಣದ 6 ಪ್ರತಿಶತ, ನಗದಿನ 8 ಪ್ರತಿಶತವನ್ನು ಕನಿಷ್ಠ ಆದಾಯವೆಂದು ತೋರಿಸಬೇಕು. ಕಮಿಷನ್ ಮೇಲೆ ದುಡಿಯುವವರಿಗೆ, ಎಂದರೆ ವಿಮಾ ಏಜೆಂಟರು, ಜಾಗದ ಬ್ರೋಕರುಗಳು, ಕಮಿಷನ್ ಮೇಲೆ ಕಾಫಿ ಕೊಡಿಸುವವರಿಗೆ, ಇದು ಸಿಗುವುದಿಲ್ಲ.

ಕಲಂ 44ಎಡಿಎ ವೈದ್ಯರು, ವಕೀಲರು, ಎಂಜಿನಿಯರ್, ವಾಸ್ತುಶಿಲ್ಪಿ, ಒಳಾಂಗಣ ವಿನ್ಯಾಸ ಮಾಡುವವರು, ಸಾಫ್ಟ್‌ವೇರ್‌ನವರು ಮುಂತಾದ ಗೊತ್ತುಪಡಿಸಿದ ವೃತ್ತಿಗಳಿಗೆ. ಗಳಿಕೆ 50 ಲಕ್ಷದೊಳಗೆ, ನಗದು ಕಡಿಮೆಯಿದ್ದರೆ 75 ಲಕ್ಷದೊಳಗೆ. ಅರ್ಧವನ್ನು ಆದಾಯವೆಂದು ತೋರಿಸಬೇಕು. ಕಲಂ 44ಎಇ ಹತ್ತು ಮೀರದಂತೆ ಸರಕು ಸಾಗಣೆ ವಾಹನ ಇಟ್ಟವರಿಗೆ: 12 ಟನ್‌ವರೆಗಿನ ಗಾಡಿಗೆ ತಿಂಗಳಿಗೆ 7,500, ಅದಕ್ಕಿಂತ ದೊಡ್ಡದಕ್ಕೆ ಪ್ರತಿ ಟನ್ನಿಗೆ ತಿಂಗಳಿಗೆ 1,000.

ನಮ್ಮ ಎಲೆಕ್ಟ್ರೀಷಿಯನ್ ಲೆಕ್ಕಕ್ಕೆ ಬರೋಣ. ವರ್ಷದ ವಹಿವಾಟು 18 ಲಕ್ಷ, ಅದರಲ್ಲಿ ಯುಪಿಐ 15 ಲಕ್ಷ, ನಗದು 3 ಲಕ್ಷ ಎಂದುಕೊಳ್ಳಿ. 15 ಲಕ್ಷಕ್ಕೆ 6 ಪ್ರತಿಶತದಂತೆ 90,000, 3 ಲಕ್ಷಕ್ಕೆ 8 ಪ್ರತಿಶತದಂತೆ 24,000, ಒಟ್ಟು 1,14,000. ಎಷ್ಟೋ ಕಡೆ ಇಲ್ಲಿಗೇ ನಿಲ್ಲಿಸಿ ರಿಟರ್ನ್, ಅಂದರೆ ಇಲಾಖೆಗೆ ಕೊಡುವ ವರ್ಷದ ಆದಾಯದ ವಿವರ, ಹಾಕಿಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅವರ ಪುಸ್ತಕದ ಪ್ರಕಾರ ನಿಜವಾಗಿ ಉಳಿದದ್ದು ಐದೂವರೆ ಲಕ್ಷ. ಕಾನೂನು ಕೇಳುವುದು 6 ಅಥವಾ 8 ಪ್ರತಿಶತ, ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಆ ಹೆಚ್ಚಿನ ಮೊತ್ತ. ಐದೂವರೆ ಲಕ್ಷ ತೋರಿಸಿದರೂ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆಯೇ. ನಾಳೆ ಮನೆ ಕಟ್ಟಲು, ಗಾಡಿ ಕೊಳ್ಳಲು ಬ್ಯಾಂಕಿಗೆ ಹೋದಾಗ ಮೂರು ವರ್ಷದ ರಿಟರ್ನ್ ಕೇಳುತ್ತಾರೆ. ತಿಂಗಳಿಗೆ ಒಂಬತ್ತು ಸಾವಿರದ ಚಿಲ್ಲರೆ ಆದಾಯ ತೋರಿಸಿದವರಿಗೆ ಎಷ್ಟು ಸಾಲ ಸಿಕ್ಕೀತು? ತೆರಿಗೆಯೂ ಉಳಿಯದೆ ಸಾಲವೂ ಸಿಗದೆ ಹೋಗುವ ಈ ನಷ್ಟ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೊಸ ಪದ್ಧತಿಯ ದರ ಹೀಗಿದೆ: 4 ಲಕ್ಷದವರೆಗೆ ಇಲ್ಲ, 4ರಿಂದ 8 ಲಕ್ಷಕ್ಕೆ 5 ಪ್ರತಿಶತ, 8ರಿಂದ 12ಕ್ಕೆ 10, 12ರಿಂದ 16ಕ್ಕೆ 15, 16ರಿಂದ 20ಕ್ಕೆ 20, 20ರಿಂದ 24ಕ್ಕೆ 25, ಅದರ ಮೇಲೆ 30. ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ 60,000ದವರೆಗಿನ ತೆರಿಗೆ ಮನ್ನಾ. 12 ಲಕ್ಷವನ್ನು ಸ್ವಲ್ಪ ದಾಟಿದವರು ಎದೆಗೆಡಬೇಕಾಗಿಲ್ಲ: 12,10,000 ಆದಾಯಕ್ಕೆ ದರದ ಪ್ರಕಾರ 61,500 ಬಂದರೂ ದಾಟಿದ 10,000ಕ್ಕಿಂತ ಹೆಚ್ಚು ಕೇಳುವುದಿಲ್ಲ, 4 ಪ್ರತಿಶತ ಸೆಸ್ ಸೇರಿ 10,400. ಸಂಬಳದವರಿಗೆ ಸಿಗುವ 75,000ದ ನೇರ ಕಡಿತ ಸ್ವಂತ ಕಸುಬಿನವರಿಗೆ ಇಲ್ಲ.

ಮನೆಸಾಲ, ವಿಮೆಯಂಥವಕ್ಕೆ ಕಡಿತ ಕೊಡುವ ಹಳೆಯ ಪದ್ಧತಿಗೆ ಹೋಗಬೇಕೆಂದರೆ 10-ಐಇಎ ನಮೂನೆಯನ್ನು ಗಡುವಿನೊಳಗೆ ಸಲ್ಲಿಸಬೇಕು. ವ್ಯಾಪಾರದ ಆದಾಯವಿರುವವರು ಹಾಗೆ ಹೋದ ಮೇಲೆ ಹೊಸದಕ್ಕೆ ಒಮ್ಮೆ ಮಾತ್ರ ಮರಳಬಹುದು, ಆಮೇಲೆ ಹಳೆಯದರ ಬಾಗಿಲು ಮುಚ್ಚಿದಂತೆ. ದೊಡ್ಡ ಮನೆಸಾಲ, ವಿಮೆ ಎಲ್ಲ ಇದ್ದವರು ಎರಡನ್ನೂ ಲೆಕ್ಕ ಹಾಕಿ ನೋಡಿ ನಿರ್ಧರಿಸಲಿ.

44ಎಡಿಯಲ್ಲಿ ಇನ್ನೊಂದು ಕಟ್ಟು ಇದೆ. ಒಂದು ವರ್ಷ ಅದರಲ್ಲಿ ತೋರಿಸಿ, ನಂತರದ ಐದು ವರ್ಷದೊಳಗೆ ‘ಈ ಸಲ ಅಷ್ಟೂ ಲಾಭ ಬಂದಿಲ್ಲ’ ಎಂದು ಹೊರಬಂದರೆ ಮುಂದಿನ ಐದು ವರ್ಷ ಆ ದಾರಿ ಸಿಗುವುದಿಲ್ಲ. ಆ ವರ್ಷದ ಆದಾಯವು ತೆರಿಗೆಯಿಲ್ಲದ ಮೂಲ ಮಿತಿಯನ್ನು ಮೀರಿದ್ದರೆ ಪೂರ್ತಿ ಲೆಕ್ಕಪುಸ್ತಕ ಬರೆದು ಆಡಿಟ್ ಮಾಡಿಸಬೇಕಾಗುತ್ತದೆ.

ತೋಟ ಇರುವವರಿಗೆ

ಬಯಲುಸೀಮೆಯ ಪೇಟೆಯಲ್ಲಿ ಕೂತು ಬರೆದ ಮಾರ್ಗದರ್ಶಿಗಳಲ್ಲಿ ಈ ಭಾಗ ಒಂದು ಸಾಲಿನಲ್ಲಿ ಮುಗಿಯುತ್ತದೆ. ನಮಗೆ ಹಾಗಾಗುವುದಿಲ್ಲ.

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಸರಿ. ಆದರೆ ಕಾಫಿಗೆ ಬೇರೆ ನಿಯಮವಿದೆ, ಆದಾಯ ತೆರಿಗೆ ನಿಯಮಗಳ 7ಬಿ. ಹಣ್ಣು ಕಾಫಿಯನ್ನೋ ಒಣಗಿಸಿದ ಚೆರಿ, ಪಾರ್ಚ್‌ಮೆಂಟನ್ನೋ ಹಾಗೆಯೇ ವ್ಯಾಪಾರಿಗೆ ಕೊಟ್ಟರೆ ಪೂರ್ತಿ ಕೃಷಿ ಆದಾಯ. ತಾವು ಬೆಳೆದು ತಾವೇ ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡಿ, ಮಾರಿದರೆ ಲಾಭದ 25 ಪ್ರತಿಶತ ವ್ಯಾಪಾರದ ಆದಾಯ. ಬೆಳೆದು, ಕ್ಯೂರಿಂಗ್ ಮಾಡಿ, ಹುರಿದು ಪುಡಿ ಮಾಡಿ ಮಾರಿದರೆ 40 ಪ್ರತಿಶತ, ಚಿಕೋರಿ ಬೆರೆಸಿದರೂ ಬೆರೆಸದಿದ್ದರೂ. ಚಿಕ್ಕಮಗಳೂರು, ಮೂಡಿಗೆರೆಯಲ್ಲಿ ಸ್ವಂತ ಹೆಸರಿನ ಪೊಟ್ಟಣ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿರುವ ಯುವಕರು ಈ 40 ಪ್ರತಿಶತವನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿಯಬೇಕು. ಪಕ್ಕದ ತೋಟದ ಬೀಜ ಕೊಂಡು ಹುರಿದು ಮಾರಿದ ಪಾಲು ಪೂರ್ತಿ ವ್ಯಾಪಾರದ್ದೇ. ಹಾಗಾಗಿ ಸ್ವಂತ ಬೀಜ ಎಷ್ಟು ಕೆಜಿ, ಕೊಂಡದ್ದು ಎಷ್ಟು ಕೆಜಿ ಎಂದು ಪುಸ್ತಕದಲ್ಲಿ ಬೇರೆ ಬರೆಯಿರಿ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿಯದೆ ಹೋಗುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಕಸುಬಿನ ಆದಾಯಕ್ಕೆ ಯಾವ ದರ ಬೀಳಬೇಕು ಎಂದು ನಿರ್ಧರಿಸುವಾಗ ಅದನ್ನು ಸೇರಿಸಿಕೊಳ್ಳುತ್ತಾರೆ. ಕೃಷಿಯ ನಿವ್ವಳ ಆದಾಯ 5,000 ಮೀರಿ, ಕಸುಬಿನ ಆದಾಯ 4 ಲಕ್ಷ ಮೀರಿದರೆ ಇದು ಅನ್ವಯಿಸುತ್ತದೆ. ಕಸುಬಿನಿಂದ 9 ಲಕ್ಷ, ತೋಟದಿಂದ ಖರ್ಚು ಕಳೆದು 6 ಲಕ್ಷ ಬಂತೆನ್ನಿ. ಮೊದಲು ಎರಡೂ ಸೇರಿ 15 ಲಕ್ಷಕ್ಕೆ ತೆರಿಗೆ: 1,05,000. ಆಮೇಲೆ ತೋಟದ 6 ಲಕ್ಷಕ್ಕೆ ಮೂಲ ಮಿತಿಯ 4 ಲಕ್ಷ ಸೇರಿಸಿ 10 ಲಕ್ಷಕ್ಕೆ ತೆರಿಗೆ: 40,000. ಎರಡರ ವ್ಯತ್ಯಾಸ 65,000. ತೆರಿಗೆಗೆ ಒಳಪಡುವ ಒಟ್ಟು ಆದಾಯ 9 ಲಕ್ಷವೇ ಆದ್ದರಿಂದ 60,000 ಮನ್ನಾ ಸಿಗುತ್ತದೆ. ಉಳಿದ 5,000ಕ್ಕೆ ಸೆಸ್ ಸೇರಿ 5,200 ಕಟ್ಟಬೇಕು. ತೋಟವಿಲ್ಲದ ಗೆಳೆಯನಿಗೆ ಅದೇ 9 ಲಕ್ಷಕ್ಕೆ ಏನೂ ಇಲ್ಲ. ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬ ಮಾತನ್ನು ಹಾಗೆಯೇ ನಂಬಿ ಕೂತವರು ಇಲ್ಲಿ ಎಡವುತ್ತಾರೆ.

ನಮೂನೆಯೂ ಬದಲಾಗುತ್ತದೆ. ಅಂದಾಜು ಆದಾಯದವರು ಬಳಸುವ ಐಟಿಆರ್-4ರಲ್ಲಿ 5,000 ಮೀರಿದ ಕೃಷಿ ಆದಾಯ ತೋರಿಸಲು ಜಾಗವೇ ಇಲ್ಲ. ಅಂಥವರು ಐಟಿಆರ್-3 ಹಾಕಬೇಕು, ಅಂದಾಜು ಆದಾಯವನ್ನು ಅದರಲ್ಲೂ ತೋರಿಸಬಹುದು. ‘ಐಟಿಆರ್-4 ಸುಲಭ, ತೋಟದ್ದು ಬಿಟ್ಟುಬಿಡೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತೋಟದ ಹಣ ಬ್ಯಾಂಕಿನಲ್ಲಿ ಕಾಣುತ್ತದೆ, ರಿಟರ್ನ್‌ನಲ್ಲಿ ಕಾಣದಿದ್ದರೆ ಅದನ್ನು ಕಸುಬಿನ ಹಣವೆಂದೇ ಓದಲು ದಾರಿ ಮಾಡಿಕೊಟ್ಟಂತೆ. ಕೃಷಿ ಆದಾಯ 5 ಲಕ್ಷ ಮೀರಿದರೆ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬ ವಿವರವನ್ನೂ ಕೇಳುತ್ತಾರೆ. ಪಹಣಿ ಮುಂದಿಟ್ಟುಕೊಂಡು ತುಂಬಿ.

ಜಮೀನು ಅಪ್ಪನ ಹೆಸರಿನಲ್ಲಿದ್ದು ಕಾಫಿ ಹಣ ಮಗನ ಖಾತೆಗೆ ಬೀಳುವುದು ನಮ್ಮಲ್ಲಿ ಮಾಮೂಲು. ಆದಾಯ ಅಪ್ಪನದು. ಹಣ ಮೊದಲು ಅಪ್ಪನ ಖಾತೆಗೆ ಬರಲಿ, ಅಲ್ಲಿಂದ ಮಗನಿಗೆ ವರ್ಗಾವಣೆಯಾಗಲಿ. ತಂದೆ ಮಕ್ಕಳಿಗೆ ಕೊಟ್ಟ ಹಣಕ್ಕೆ ಮಕ್ಕಳು ತೆರಿಗೆ ಕಟ್ಟಬೇಕಾಗಿಲ್ಲ.

ಹೋಂಸ್ಟೇ ಕಾಫಿ ತೋಟದ ನಡುವೆಯೇ ಇದ್ದರೂ ಅದರ ಆದಾಯ ಕೃಷಿಯದಲ್ಲ. ಕೋಣೆ ಬಾಡಿಗೆ, ಊಟ, ಜೀಪ್ ಬಾಡಿಗೆ, ಬೆಂಕಿ ಹಾಕಿಸಿದ್ದಕ್ಕೆ ತೆಗೆದುಕೊಂಡದ್ದು ಎಲ್ಲ ವ್ಯಾಪಾರದ್ದು. ಬುಕಿಂಗ್ ಆ್ಯಪ್‌ಗಳು ತಮ್ಮ ಕಮಿಷನ್ ಹಿಡಿದು ಉಳಿದದ್ದನ್ನು ಹಾಕುತ್ತವೆ. ಪುಸ್ತಕದಲ್ಲಿ ಅತಿಥಿ ಕೊಟ್ಟ ಪೂರ್ತಿ ಮೊತ್ತವನ್ನು ಜಮೆಗೆ, ಕಮಿಷನ್ನನ್ನು ಖರ್ಚಿಗೆ ಬರೆಯಿರಿ. ಖಾತೆಗೆ ಬಂದಷ್ಟನ್ನೇ ಬರೆದರೆ ಆ್ಯಪ್‌ನವರು ಇಲಾಖೆಗೆ ಕೊಟ್ಟ ಅಂಕಿಗೂ ನಿಮ್ಮದಕ್ಕೂ ತಾಳೆಯಾಗುವುದಿಲ್ಲ.

ಜಿಎಸ್‌ಟಿ ಗೆರೆ ಎಲ್ಲಿದೆ

ಜಿಎಸ್‌ಟಿ ನೋಂದಣಿ ಬೇಕಾಗುವ ವಹಿವಾಟಿನ ಗೆರೆ ಕರ್ನಾಟಕದಲ್ಲಿ ಸಾಮಾನು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ವೈರಿಂಗ್‌ನವರು ಸಾಮಾನು ತಾವೇ ತಂದು ಹಾಕಿದರೂ ಅದು ಸೇವೆಯ ಲೆಕ್ಕಕ್ಕೇ ಬರುತ್ತದೆ, ಹಾಗಾಗಿ 20 ಲಕ್ಷದ ಗೆರೆ. ಒಂದೇ ಪ್ಯಾನ್ ಮೇಲಿನ ಎಲ್ಲ ಕಸುಬನ್ನೂ ಕೂಡಿಸಬೇಕು: ವೈರಿಂಗ್ 14 ಲಕ್ಷ, ಹೋಂಸ್ಟೇ 9 ಲಕ್ಷ ಇದ್ದರೆ ಬೇರೆ ಬೇರೆ ನೋಡಿದರೆ ಯಾವುದೂ ದಾಟಿಲ್ಲ, ಕೂಡಿಸಿದರೆ 23 ಲಕ್ಷ. ದಾಟಿದ ಮೂವತ್ತು ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಇದಕ್ಕೇ ಪ್ರತಿ ತಿಂಗಳ ಕೊನೆಗೆ ಏಪ್ರಿಲ್‌ನಿಂದ ಈವರೆಗಿನ ಒಟ್ಟು ಮೊತ್ತವನ್ನು ಪುಸ್ತಕದ ಮೂಲೆಯಲ್ಲಿ ಬರೆದಿಡಿ. 17-18 ಲಕ್ಷ ತಲುಪಿದಾಗಲೇ ತಯಾರಾಗಬಹುದು.

ಸಾಮಾನನ್ನು ಹೊರರಾಜ್ಯಕ್ಕೆ ಮಾರಿದರೆ 40 ಲಕ್ಷದ ರಿಯಾಯಿತಿ ಇಲ್ಲ, ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ಕಾಫಿ ಪುಡಿಯನ್ನು ಚೆನ್ನೈಗೋ ಪುಣೆಗೋ ಕೊರಿಯರ್ ಮಾಡುವವರು ಇದನ್ನು ಗಮನಿಸಿ. ಸೇವೆಗೆ ಈ ಕಟ್ಟಿಲ್ಲ. ವಿದೇಶದ ಕಂಪನಿಗೆ ಕೆಲಸ ಮಾಡಿಕೊಡುವ ಸಾಫ್ಟ್‌ವೇರ್‌ನವರೂ 20 ಲಕ್ಷ ದಾಟಿದ ಮೇಲೆ ನೋಂದಣಿ ಮಾಡಿಸಬೇಕು. ರಫ್ತು ಆದ್ದರಿಂದ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪ್ರತಿ ವರ್ಷ ಆನ್‌ಲೈನ್‌ನಲ್ಲಿ ಕೊಟ್ಟರೆ ಬಿಲ್ಲಿಗೆ ತೆರಿಗೆ ಹಾಕಬೇಕಿಲ್ಲ. 22 ಲಕ್ಷ ಗಳಿಸಿ 44ಎಡಿಎ ಪ್ರಕಾರ 11 ಲಕ್ಷ ಆದಾಯ ತೋರಿಸಿದವರಿಗೆ ಆದಾಯ ತೆರಿಗೆ ಸೊನ್ನೆ, ಆದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಒಂದು ಸೊನ್ನೆ ಬಂತೆಂದು ಇನ್ನೊಂದನ್ನು ಮರೆಯಬೇಡಿ.

ಸಣ್ಣ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿಯಿದೆ, ಕಾಂಪೊಸಿಷನ್ ಎನ್ನುತ್ತಾರೆ. ಸಾಮಾನಿಗೆ ವಹಿವಾಟಿನ 1 ಪ್ರತಿಶತ, ಹೋಟೆಲ್‌ಗೆ 5, ಇತರ ಸೇವೆಗೆ 50 ಲಕ್ಷದವರೆಗೆ 6. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಕೊಂಡ ಸಾಮಾನಿನ ತೆರಿಗೆ ವಾಪಸ್ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಪೇಟೆಯ ಅಂಗಡಿಗೆ ಒಳ್ಳೆಯದು. ಕಂಪನಿಗಳಿಗೆ ಕೆಲಸ ಮಾಡುವವರಿಗೆ ಹೊಂದುವುದಿಲ್ಲ.

ವೃತ್ತಿ ತೆರಿಗೆ ರಾಜ್ಯದ್ದು, ಬೇರೆಯೇ. ನೋಂದಾಯಿತರು ವರ್ಷಕ್ಕೆ 2,500ನ್ನು ಏಪ್ರಿಲ್ 30ರೊಳಗೆ ಕಟ್ಟುತ್ತಾರೆ. ಸಣ್ಣ ಮೊತ್ತವೆಂದು ಮರೆತರೆ ಬಡ್ಡಿ ಬೆಳೆಯುತ್ತದೆ.

ಹಿಡಿದುಕೊಂಡ ಹಣ, ಮುಂಗಡ ಹಣ

ಪಂಚಾಯಿತಿ, ಇಲಾಖೆ, ಕಂಪನಿ, ಕ್ಯೂರಿಂಗ್ ವರ್ಕ್ಸ್‌ಗೆ ಕೆಲಸ ಮಾಡಿಕೊಟ್ಟಾಗ ಬಿಲ್ಲಿನಲ್ಲಿ ಟಿಡಿಎಸ್, ಅಂದರೆ ಹಣ ಕೊಡುವವರೇ ಮುಂಚೆಯೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. ಒಬ್ಬ ವ್ಯಕ್ತಿಯ ಕಾಂಟ್ರಾಕ್ಟು ಕೆಲಸಕ್ಕೆ 1 ಪ್ರತಿಶತ, ವೃತ್ತಿಪರ ಸೇವೆಗೆ 10. ಅದು ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಜಮೆಯಾದ ನಿಮ್ಮದೇ ಹಣ. ತೆರಿಗೆ ಸೊನ್ನೆಯಾದರೆ ಅಷ್ಟೂ ವಾಪಸ್ ಬರುತ್ತದೆ, ರಿಟರ್ನ್ ಹಾಕಿದರೆ ಮಾತ್ರ. ಗ್ರಿಲ್ ಕೆಲಸ, ಗಾರೆ ಕೆಲಸ, ಪೇಂಟಿಂಗ್ ಮಾಡುವವರು ‘ನಮಗೆ ಟ್ಯಾಕ್ಸ್ ಇಲ್ಲವಲ್ಲ’ ಎಂದು ವರ್ಷಗಟ್ಟಲೆ ರಿಟರ್ನ್ ಹಾಕದೆ ಈ ಹಣ ಬಿಟ್ಟುಕೊಟ್ಟಿರುತ್ತಾರೆ. ನಾಲ್ಕು ವರ್ಷ ಹಿಂದಿನವರೆಗೆ ಹಾಕಬಹುದಾದ ಅಪ್‌ಡೇಟೆಡ್ ರಿಟರ್ನ್‌ನಲ್ಲೂ (ಐಟಿಆರ್-ಯು) ರೀಫಂಡ್ ಕೇಳಲು ಬರುವುದಿಲ್ಲ. ಆಯಾ ವರ್ಷವೇ ಕೇಳಿ.

ವರ್ಷದ ತೆರಿಗೆ, ಟಿಡಿಎಸ್ ಕಳೆದು, 10,000 ಅಥವಾ ಹೆಚ್ಚು ಬೀಳುವಂತಿದ್ದರೆ ಮುಂಗಡವಾಗಿ ಕಟ್ಟಬೇಕು: ಜೂನ್ 15ಕ್ಕೆ 15 ಪ್ರತಿಶತ, ಸೆಪ್ಟೆಂಬರ್ 15ಕ್ಕೆ 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ. 44ಎಡಿ, 44ಎಡಿಎ ಆಯ್ದುಕೊಂಡವರು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ತಡವಾದರೆ ತಿಂಗಳಿಗೆ 1 ಪ್ರತಿಶತ ಬಡ್ಡಿ. ನಮ್ಮ ಕಡೆ ಕಾಫಿ ಹಣ ಕೈಗೆ ಬರುವುದೂ ಸುಮಾರಿಗೆ ಅದೇ ಹೊತ್ತಿಗೆ, ಆದ್ದರಿಂದ ಮಾರ್ಚ್ ಮೊದಲ ವಾರ ಪುಸ್ತಕ ತೆಗೆದು ಕೂಡುವುದು ಅನುಕೂಲ.

ರಿಟರ್ನ್ ಹಾಕುವ ದಿನ

ಮಾರ್ಚ್ 31ರ ರಾತ್ರಿ ನಾಲ್ಕು ಅಂಕಿ ಬರೆದಿಡಿ: ಕೈಯಲ್ಲಿರುವ ನಗದು, ಇರುವ ಸಾಮಾನಿನ ಬೆಲೆ, ಗಿರಾಕಿಗಳಿಂದ ಬರಬೇಕಾದದ್ದು, ಅಂಗಡಿಗಳಿಗೆ ಕೊಡಬೇಕಾದದ್ದು. ಅಂದಾಜು ಆದಾಯದವರಿಗೂ ರಿಟರ್ನ್‌ನಲ್ಲಿ ಇವನ್ನು ಕೇಳುತ್ತಾರೆ. ಜುಲೈನಲ್ಲಿ ನೆನಪಿಸಿಕೊಂಡು ಬರೆದ ಅಂಕಿ ಮುಂದಿನ ವರ್ಷದ ಲೆಕ್ಕಕ್ಕೆ ಕೂಡುವುದಿಲ್ಲ.

ಇ-ಫೈಲಿಂಗ್ ಪೋರ್ಟಲ್‌ಗೆ ನೀವೇ ಒಳಹೋಗಿ 26ಎಎಸ್ ಮತ್ತು ಎಐಎಸ್ ಎಂಬ ಎರಡು ಪಟ್ಟಿ ಇಳಿಸಿಕೊಳ್ಳಿ. ಯಾರು ಎಷ್ಟು ಟಿಡಿಎಸ್ ಹಿಡಿದರು, ಬ್ಯಾಂಕು ಎಷ್ಟು ಬಡ್ಡಿ ಕೊಟ್ಟಿತು, ನಿಮ್ಮ ಹೆಸರಿನಲ್ಲಿ ಏನೇನು ವರದಿಯಾಗಿದೆ ಎಂಬುದು ಅಲ್ಲಿದೆ. ನಿಮ್ಮದಲ್ಲದ ನಮೂದು ಕಂಡರೆ ಅಲ್ಲೇ ಆಕ್ಷೇಪ ಹಾಕಿ. ಉಳಿತಾಯ ಖಾತೆಯ ಬಡ್ಡಿ, ಎಫ್‌ಡಿ ಬಡ್ಡಿ ಸೇರಿಸುವುದನ್ನು ಬಿಡಬೇಡಿ. ಷೇರು ಪೇಟೆಯ ಎಫ್ ಆ್ಯಂಡ್ ಓ, ಅಂದರೆ ವಾಯಿದೆ ವ್ಯವಹಾರ, ಆಡಿದ್ದರೆ, ನಷ್ಟವೇ ಆಗಿದ್ದರೂ, ಐಟಿಆರ್-3 ಬೇಕು.

ಪೋರ್ಟಲ್‌ನಲ್ಲಿ ನಿಮ್ಮ ಮೊಬೈಲ್ ನಂಬರ್, ನಿಮ್ಮ ಇಮೇಲ್ ಇದೆಯೇ ನೋಡಿಕೊಳ್ಳಿ. ರಿಟರ್ನ್ ಹಾಕಿಕೊಡುವವರ ನಂಬರ್ ಅಲ್ಲಿದ್ದರೆ ಇಲಾಖೆಯ ಪತ್ರಗಳು ಅವರಿಗೆ ಹೋಗುತ್ತವೆ, ನಿಮಗೆ ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಕೆಲಸವನ್ನು ಬಲ್ಲವರಿಗೆ ಕೊಡುವುದು ಸರಿಯೇ, ಆದರೆ ಸಲ್ಲಿಸುವ ಮುಂಚೆ ಪ್ರತಿ ಅಂಕಿಯನ್ನೂ ಓದಿಸಿ ಕೇಳಿ. ಹೊಣೆ ಸಹಿ ಹಾಕಿದವರದು.

ಜುಲೈ ಮುಗಿಯುವ ಮುಂಚೆ ಮುಗಿಸಿಬಿಡಿ. ಗಡುವು ದಾಟಿ ಹಾಕಿದರೆ 5,000 ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000. ಸಲ್ಲಿಸಿದ ಮೂವತ್ತು ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಬೇಕು, ಇಲ್ಲದಿದ್ದರೆ ಹೊತ್ತಿಗೆ ಸರಿಯಾಗಿ ಹಾಕಿದ ರಿಟರ್ನ್ ಎಂದು ಹಿಡಿಯುವುದಿಲ್ಲ.

ನೋಟಿಸ್ ಬಂದರೆ

ಮೊದಲು ಅದು ಅಸಲಿಯೋ ನೋಡಿ. ಇಲಾಖೆಯ ಪತ್ರದ ಮೇಲೆ ಡಿನ್ ಎಂಬ ದಾಖಲೆ ಸಂಖ್ಯೆ ಇರುತ್ತದೆ. ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಅದನ್ನು ತಾಳೆ ನೋಡಬಹುದು. ಮೊಬೈಲ್‌ಗೆ ಬಂದ ಲಿಂಕ್ ಒತ್ತಿ ಹಣ ಕಟ್ಟಬೇಡಿ. ಅಸಲಿಯಾಗಿದ್ದರೆ ಗಡುವು ಓದಿ: ರಿಟರ್ನ್‌ನಲ್ಲಿ ದೋಷವಿದೆ ಎಂಬ ಪತ್ರಕ್ಕೆ ಹದಿನೈದು ದಿನ, ಅಂಕಿ ತಾಳೆಯಾಗುತ್ತಿಲ್ಲ, ಸರಿಪಡಿಸುತ್ತೇವೆ ಎಂಬ ಪತ್ರಕ್ಕೆ ಮೂವತ್ತು ದಿನ. ಹೆಚ್ಚಿನವು ಟಿಡಿಎಸ್ ಅಂಕಿ ತಪ್ಪಿದ್ದು, ಬಡ್ಡಿ ಬಿಟ್ಟುಹೋದದ್ದು, ನಮೂನೆ ತಪ್ಪಾದದ್ದು. ಆ ತಿಂಗಳ ಪುಟ, ಬಿಲ್ಲಿನ ಫೋಟೋ, ಖಾತೆಯ ವಿವರ ಮೂರನ್ನೂ ಸೇರಿಸಿ ಪೋರ್ಟಲ್‌ನಲ್ಲೇ ಉತ್ತರ ಹಾಕಿ, ಸ್ವೀಕೃತಿಯನ್ನು ಇಳಿಸಿಟ್ಟುಕೊಳ್ಳಿ. ಜಿಎಸ್‌ಟಿ ನೋಟಿಸ್ ಆದರೆ ಉತ್ತರ ಬರವಣಿಗೆಯಲ್ಲೇ ಇರಲಿ. ಯುಪಿಐ ಮೊತ್ತದಲ್ಲಿ ಕಸುಬಿನದು ಎಷ್ಟು, ತೋಟದ್ದು ಎಷ್ಟು, ಮನೆಯವರು ಹಾಕಿದ್ದು ಎಷ್ಟು, ತೆರಿಗೆಯಿಲ್ಲದ ಸಾಮಾನಿನದು ಎಷ್ಟು ಎಂದು ವರ್ಷವಾರು ಪಟ್ಟಿ ಮಾಡಿ ಲಗತ್ತಿಸಿ.